ಇನ್ನು ಮೂರಕ್ಕೆ ಬರಲ್ಲ ಅಲ್ವಾ ಡಾಕ್ಟ್ರೇ?

ಮಕ್ಕಳಿಗೆ ಹುಟ್ಟಿನಿಂದ ಬರುವ ಚಯಾಪಚಯ ಕಾಯಿಲೆಗಳ, ಅಂದರೆ ತಿಂದದ್ದನ್ನು ಮೈ ಸರಿಯಾಗಿ ಬಳಸಿಕೊಳ್ಳಲಾಗದ ಕಾಯಿಲೆಗಳ ಮೇಲೆ ಕೆಲಸ ಮಾಡುವ ನಮಗೆ ಒಂದು ಲೆಕ್ಕ ಕೇಳಿ ಕೇಳಿ ಸಾಕಾಗಿದೆ. 'ನಾಲ್ಕರಲ್ಲಿ ಒಂದು ಮಗುವಿಗೆ ಬರುತ್ತೆ ಅಂದ್ರಲ್ಲ. ಒಂದಕ್ಕೆ ಬಂದುಹೋಯ್ತು. ಇನ್ನು ಮೂರಕ್ಕೆ ಬರಲ್ಲ ಅಲ್ವಾ?' ಓದಿದವರೂ ಹೀಗೇ ಕೇಳುತ್ತಾರೆ. ಒಬ್ಬ ಲೆಕ್ಕದ ಮೇಷ್ಟ್ರೇ ಕೇಳಿದ್ದಾರೆ. ಊರು ಹೇಳಲ್ಲ, ಪಾಪ.

ಬರಬಹುದು. ಎರಡನೆಯದಕ್ಕೂ ಬರಬಹುದು, ಮೂರನೆಯದಕ್ಕೂ ಬರಬಹುದು.

ಶಿಡ್ಲಘಟ್ಟದ ಕಡೆಯ ಒಂದು ಜೋಡಿ ಬಂದಿತ್ತು. ಗಂಡನಿಗೆ ಅವಸರ. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿವೆ, ಚಂದ್ರಿಕೆಗೆ ಬಿಡಬೇಕು, ಬೇಗ ಕಳಿಸಿ ಅಂತ. ಮೊದಲ ಕೂಸು ಎರಡನೇ ವಾರದಲ್ಲೇ ತೀರಿಕೊಂಡಿತ್ತು. ಹಾಲಿನ ಪ್ರೋಟೀನಿನಲ್ಲಿರುವ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳನ್ನು ಅರಗಿಸುವ ಕಿಣ್ವ ಆ ಮಗುವಿನಲ್ಲಿ ಕೆಲಸ ಮಾಡುತ್ತಿರಲಿಲ್ಲ. ಕುಡಿದ ಹಾಲೇ ಮಿದುಳಿಗೆ ವಿಷವಾಗುತ್ತಾ ಹೋಗುತ್ತದೆ. 'ಕೂಸಿನ ಬಟ್ಟೆ ಪಾಕ ಸೀದಂಗೆ ವಾಸನೆ ಬರ್ತಿತ್ತು' ಅಂತ ಅಜ್ಜಿ ಹೇಳಿದರು. ಈ ಕಾಯಿಲೆಯ ಗುರುತೇ ಅದು. ಅಜ್ಜಿಯರ ಮೂಗಿನ ಮೇಲೆ ನನಗೆ ಭಾರಿ ಗೌರವ.

'ಚೌಕಾಬಾರ ಆಡಿದ್ದೀರಾ?' ಅಂತ ಗಂಡನನ್ನು ಕೇಳಿದೆ. ಮುಖ ಅರಳಿತು. ಒಂದು ಕಡೆ ಉಜ್ಜಿ ಬಿಳಿ ಮಾಡಿದ ಎರಡು ಹುಣಸೆ ಬೀಜ ಅಂದುಕೊಳ್ಳಿ. ಒಂದು ನಿಮ್ಮದು, ಒಂದು ನಿಮ್ಮ ಹೆಂಡತಿಯದು. ಆ ಕಿಣ್ವ ಮಾಡಿಸುವ ಜೀನು ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುತ್ತದೆ. ನಿಮ್ಮಿಬ್ಬರಲ್ಲೂ ಒಂದು ಸರಿಯಿದೆ, ಒಂದು ಕೆಟ್ಟಿದೆ. ಸರಿಯಿರುವುದು ಕೆಲಸ ನಡೆಸುತ್ತದೆ, ಅದಕ್ಕೇ ನೀವು ಗಟ್ಟಿಮುಟ್ಟಾಗಿದ್ದೀರಿ. ಮಗುವಿಗೆ ಕೊಡುವುದು ಒಬ್ಬೊಬ್ಬರೂ ಒಂದೊಂದೇ. ಬಿಳಿ ಅಂದರೆ ಕೆಟ್ಟ ಪ್ರತಿ, ಕಪ್ಪು ಅಂದರೆ ಸರಿಯಿರುವ ಪ್ರತಿ. ಎರಡೂ ಬಿಳಿ ಬಿದ್ದರೆ ಕಾಯಿಲೆ. ಒಂದು ಬಿಳಿ, ಒಂದು ಕಪ್ಪು ಬಿದ್ದರೆ ನಿಮ್ಮ ಹಾಗೇ ಆರೋಗ್ಯ. ಎರಡೂ ಕಪ್ಪಾದರೆ ಆ ಮಗುವಿನ ಮಟ್ಟಿಗೆ ಕೆಟ್ಟ ಜೀನಿನ ಗೊಡವೆಯೇ ಇಲ್ಲ. ಹೋದ ಸಲ ಎರಡೂ ಬಿಳಿ ಬಿದ್ದಿತ್ತು ಅನ್ನೋದು ಬೀಜಕ್ಕೆ ನೆನಪಿರುತ್ತಾ? ಪ್ರತಿ ಬಸಿರೂ ಹೊಸ ಆಟ. ಪ್ರತಿ ಸಲವೂ ನಾಲ್ಕರಲ್ಲಿ ಒಂದು ಸಾಧ್ಯತೆ.

ಗಂಡ ತಲೆಯಾಡಿಸಿದರು. ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಹೆಂಡತಿ ಕೇಳಿದರು: 'ಹಂಗಾದ್ರೆ ನಾಲ್ಕಕ್ಕೂ ಬರದೇನೂ ಇರಬಹುದು?' ಹೌದಮ್ಮ, ಇರಬಹುದು. ಇಷ್ಟು ಬೇಗ ಇದನ್ನು ಹಿಡಿದವರು ಕಡಿಮೆ.

ಇನ್ನೊಂದು ಮಾತು. 'ನಮ್ಮ ವಂಶದಲ್ಲಿ ಯಾರಿಗೂ ಇಲ್ಲ' ಅಂತ ಅತ್ತೆ ಮನೆಯವರು ಸೊಸೆಯ ಕಡೆ ಬೆರಳು ತೋರಿಸುತ್ತಾರೆ. ಈ ಬಗೆಯ ಕಾಯಿಲೆಗೆ ಎರಡೂ ಬೀಜ ಬೇಕು ಸ್ವಾಮಿ, ಒಂದು ನಿಮ್ಮ ಮಗನದೇ. ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಒಂದೇ ಕೆಟ್ಟ ಜೀನು ಇರುವ ಸಂಭವ ಜಾಸ್ತಿ. ಲಂಡನ್ನಿನ ಡಾಕ್ಟರ್ ಆರ್ಚಿಬಾಲ್ಡ್ ಗ್ಯಾರಡ್, ಮೂತ್ರ ಕಪ್ಪಾಗುವ ಒಂದು ಕಾಯಿಲೆಯ ಬಗ್ಗೆ 1902ರಲ್ಲಿ ಬರೆಯುವಾಗಲೇ ಅಂಥ ಮಕ್ಕಳ ತಂದೆತಾಯಿ ಹಲವು ಕಡೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವಂದಿರ ಮಕ್ಕಳು ಅನ್ನುವುದನ್ನು ಗಮನಿಸಿದ್ದರು. ನಮ್ಮಲ್ಲಿ ಅಕ್ಕನ ಮಗಳನ್ನೇ ತರುವುದುಂಟು, ಅದು ಇನ್ನೂ ಹತ್ತಿರ. ಆದರೆ ಇಬ್ಬರಲ್ಲೂ ಆ ಜೀನು ಇದೆ ಅಂತಾದ ಮೇಲೆ ಸಂಬಂಧವೋ ಹೊರಗಿನವರೋ, ಲೆಕ್ಕ ಒಂದೇ.

ಎಲ್ಲ ಕಾಯಿಲೆಯೂ ಹೀಗೇ ಅಲ್ಲ. ಕೆಲವು ತಾಯಿಯ ಕಡೆಯಿಂದಲೇ ಬರುತ್ತವೆ, ಗಂಡುಮಕ್ಕಳನ್ನು ಜಾಸ್ತಿ ಕಾಡುತ್ತವೆ. ಹಾಗಾಗಿ ರಿಪೋರ್ಟ್ ನೋಡದೆ ನಿಮ್ಮ ಮನೆಯ ಲೆಕ್ಕ ಹೇಳಲು ಬರುವುದಿಲ್ಲ. ಆ ರಿಪೋರ್ಟನ್ನೇ ಜನ 'ಮಗುವೇ ಹೋಯ್ತು, ಇದ್ಯಾಕೆ' ಅಂತ ಒಲೆಗೆ ಹಾಕುತ್ತಾರೆ. ಹಾಕಬೇಡಿ. ಜೀನಿನಲ್ಲಿ ತಪ್ಪು ಎಲ್ಲಿದೆ ಅಂತ ಗೊತ್ತಿದ್ದರೆ ಮುಂದಿನ ಬಸಿರಿನಲ್ಲಿ 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆದು ಪರೀಕ್ಷೆ ಮಾಡಬಹುದು. ಅದಕ್ಕೆ ಬಸಿರಾಗುವ ಮುಂಚೆಯೇ ಬಂದು ಮಾತಾಡಬೇಕು. ಸೀಮಂತ ಮುಗಿಸಿ ಬಂದರೆ ನನ್ನ ಕೈಲಾಗುವುದು ಹೆರಿಗೆ ಡಾಕ್ಟರಿಗೆ ಒಂದು ಚೀಟಿ ಬರೆದುಕೊಡುವುದು: ಮಗು ಹುಟ್ಟಿದ ಕೂಡಲೇ ನಮಗೆ ಫೋನ್ ಮಾಡಿ, ರಕ್ತ ಕಳಿಸಿ, ಹಾಲು ಎಷ್ಟು ಕೊಡಬೇಕು ಅಂತ ಕೇಳಿ. ಆ ಚೀಟಿಯನ್ನಾದರೂ ತಾಯಿ ಕಾರ್ಡಿಗೆ ಪಿನ್ ಹೊಡೆದು ಇಟ್ಟುಕೊಳ್ಳಿ.