ಮಳೆಗಾಲದ ಬೂಷ್ಟಿಗೆ ಜಗ್ಗದ ಅಲಂಕಾರ ಇದೆಯಾ?

ಓದುಗರ ಪ್ರಶ್ನೆ: ಕಾರವಾರದಲ್ಲಿ ನಮ್ಮದು ಬಾಡಿಗೆ ಮನೆ. ಪ್ಲಾಸ್ಟಿಕ್ ಹೂವು ಬೇಡ ಅಂತ ಬಿದಿರು, ಬೆತ್ತ, ಅಡಿಕೆ ಹಾಳೆ, ಕಡಲ ಚಿಪ್ಪು ಇಂಥವನ್ನೇ ತಂದು ಮನೆ ಚೆಂದ ಮಾಡಿದ್ದೆವು. ಜುಲೈ ಮುಗಿಯುವುದರೊಳಗೆ ಎಲ್ಲಕ್ಕೂ ಬೂಷ್ಟು. ನಮ್ಮ ಮಳೆಗೆ ತಡೆಯುವಂಥದ್ದು ಏನೂ ಇಲ್ಲವೇ?

ಇದೆ. ಆದರೆ ನೀವು ಹೆಸರಿಸಿದ ನಾಲ್ಕರಲ್ಲಿ ಮೂರು ಮಳೆಗಾಲದಲ್ಲಿ ಗೋಡೆ ಮೇಲೆ ಇರಬೇಕಾದವೇ ಅಲ್ಲ.

ನನ್ನ ಕತೆಯನ್ನೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಜಾತ್ರೆಯೊಂದರಲ್ಲಿ ಬಿದಿರಿನ ದೀಪದ ಬುಟ್ಟಿ ತಂದು ಊಟದ ಮೇಜಿನ ಮೇಲೆ ತೂಗಿಸಿದ್ದೆ. ಒಂದು ಬೆಳಿಗ್ಗೆ ಮೇಜಿನ ತುಂಬ ಹಿಟ್ಟು. ಮಕ್ಕಳು ಚೆಲ್ಲಿರಬೇಕು ಅಂತ ಬೈದು ಒರೆಸಿದೆ. ಮರುದಿನ ಮತ್ತೆ ಅದೇ ಜಾಗದಲ್ಲಿ ಅದೇ ಹಿಟ್ಟು. ಬುಟ್ಟಿ ಇಳಿಸಿ ನೋಡಿದರೆ ಸೂಜಿಯಿಂದ ಚುಚ್ಚಿದ ಹಾಗೆ ಹತ್ತಾರು ತೂತು. ಬಿದಿರಿನಲ್ಲಿ ಪಿಷ್ಟ ಇರುತ್ತದೆ, ಹುಳಕ್ಕೆ ಬೇಕಾದದ್ದು ಅದೇ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ ಹೆಣೆದರೆ ಪಿಷ್ಟ ಬಿಟ್ಟುಹೋಗಿ ಹುಳದ ಕಾಟ ಕಡಿಮೆಯಾಗುತ್ತದೆ. ಕೊಳ್ಳುವಾಗ 'ಬಿದಿರು ನೆನೆಸಿದ್ದಾ?' ಅಂತ ಒಂದು ಮಾತು ಕೇಳಿ. ನಾನು ಕೇಳಿರಲಿಲ್ಲ.

ಕಾರವಾರದ ಕಡೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಅಷ್ಟು ಥಂಡಿಯಲ್ಲಿ ಬೆತ್ತವಾಗಲಿ ಹಾಳೆಯಾಗಲಿ ಗಾಳಿಯ ನೀರನ್ನು ಹೀರದೆ ಇರುವುದಿಲ್ಲ. ಹಳೇ ಮನೆಗಳಲ್ಲಿ ಇದಕ್ಕೆ ಉಪಾಯ ಇತ್ತು. ಮಳೆ ಹಿಡಿಯುವ ಮೊದಲು ಬುಟ್ಟಿ, ಚಾಪೆ ಎಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತಿದ್ದವು. ಕೆಳಗಿನ ಬಿಸಿ, ಹೊಗೆ ಎರಡೂ ಸೇರಿ ಬೂಷ್ಟೂ ಇಲ್ಲ, ಹುಳವೂ ಇಲ್ಲ. ಬಾಡಿಗೆ ಮನೆಯಲ್ಲಿ ಅಟ್ಟ ಎಲ್ಲಿಂದ ತರುವುದು ಅಂತೀರಾ? ಮೇ ತಿಂಗಳ ಬಿಸಿಲಿಗೆ ಕಟಕಟ ಒಣಗಿಸಿ, ಹಳೇ ಪೇಪರಿನಲ್ಲಿ ಸುತ್ತಿ, ಮನೆಯೊಳಗೆ ಬೆಚ್ಚಗಿನ, ಪಸೆ ಇಲ್ಲದ ಜಾಗದಲ್ಲಿ ಇಡಿ. ನವರಾತ್ರಿಗೆ ಹೊರಗೆ ತೆಗೆದರಾಯ್ತು. ಮಳೆ ಶುರುವಾದ ಮೇಲೆ ಗಡಿಬಿಡಿಯಲ್ಲಿ ವಾರ್ನಿಷ್ ಬಳಿಯಲು ಮಾತ್ರ ಹೋಗಬೇಡಿ. ಒಳಗಿನ ಪಸೆ ಒಳಗೇ ಸಿಕ್ಕಿಬಿದ್ದು ಬೆತ್ತ ಕಪ್ಪಾಗುತ್ತದೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಹಚ್ಚಿ ಅಂತ ಯಾರಾದರೂ ಹೇಳಬಹುದು. ದೋಣಿಗೆ, ಮನೆಯ ತೊಲೆಗೆ ಅದು ಒಳ್ಳೆಯದೇ. ಆದರೆ ಹಸಿ ಗೇರೆಣ್ಣೆ ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಮಕ್ಕಳಿರುವ ಮನೆಗೆ ಬೇಡ. ಹಾಳೆಯ ಮಾತು ಸುಲಭ: ಬೂಷ್ಟು ಬಂದರೆ ಗಿಡದ ಬುಡಕ್ಕೆ ಹಾಕಿ, ಮುಂದಿನ ವರ್ಷ ಹೊಸದು ತನ್ನಿ.

ಹಾಗಾದರೆ ಮಳೆಗಾಲದಲ್ಲಿ ಗೋಡೆ ಖಾಲಿಯಾ? ಇಲ್ಲ, ಚಿಪ್ಪು ಇದೆಯಲ್ಲ. ಅದಕ್ಕೂ ಬೂಷ್ಟು ಬಂತು ಅಂದರೆ ಒಳಗೆ ಮಾಂಸದ ಚೂರೋ ಉಪ್ಪೋ ಉಳಿದಿರಬೇಕು. ಉಪ್ಪು ಗಾಳಿಯ ನೀರನ್ನು ಎಳೆದುಕೊಂಡು ಸದಾ ಜಿಗುಟಾಗಿರುತ್ತದೆ. ಕಡಲ ತೀರದಿಂದ ಆರಿಸಿ ತರುವುದಕ್ಕಿಂತ ಅಡುಗೆಮನೆಯ ಚಿಪ್ಪೇ ಮೇಲು ಅಂತ ನನ್ನ ಅಭಿಪ್ರಾಯ. ತೀರದ ಖಾಲಿ ಶಂಖ ಸನ್ಯಾಸಿ ಏಡಿಗೆ ಮನೆ, ನಮಗ್ಯಾಕೆ ಅದು? ಹವಳ, ಕಡಲ್ಕುದುರೆ ಕಣ್ಣಿಗೆ ಬಿದ್ದರಂತೂ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವಕ್ಕೆ ರಕ್ಷಣೆ ಇದೆ, ಮನೆಯಲ್ಲಿಟ್ಟರೂ ತಪ್ಪು. ನಮ್ಮಲ್ಲಿ ಬಳಚಿಗೇನು, ಅದೇ ಸಾರಿಗೆ ಹಾಕುವ ಚಿಪ್ಪುಮೀನಿಗೇನು, ಬರವೇ? ಅಘನಾಶಿನಿ ಅಳಿವೆಯ ಕಡೆ ಅದೇ ಎಷ್ಟೋ ಮನೆಗಳ ದುಡಿಮೆ. ಸಾರು ಉಂಡ ಮೇಲೆ ಚಿಪ್ಪನ್ನು ಇನ್ನೊಮ್ಮೆ ಕುದಿಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ. ಸಿಹಿನೀರಿನಲ್ಲಿ ನಾಲ್ಕೈದು ದಿನ ನೆನೆಸಿ, ದಿನಾ ನೀರು ಬದಲಿಸಿ. ಬೆಳ್ಳಗಾಗಲಿ ಅಂತ ವಿನೆಗರ್ ಮಾತ್ರ ಹಾಕಬೇಡಿ, ಅದು ಚಿಪ್ಪನ್ನೇ ತಿನ್ನುತ್ತದೆ. ಒಣಗಿದ ಮೇಲೆ ತೆಂಗಿನ ನಾರಿನ ಹುರಿಯಲ್ಲಿ ಪೋಣಿಸಿ ಕಿಟಕಿಗೆ ಕಟ್ಟಿ. ಗಾಳಿ ಬಂದರೆ ಸಣ್ಣಗೆ ಕಿಲಕಿಲ ಅನ್ನುತ್ತದೆ. ಮಧ್ಯಾಹ್ನ ಮಲಗುವವರು ಇದ್ದರೆ ಯೋಚಿಸಿ ಕಟ್ಟಿ, ನಮ್ಮಲ್ಲಿ ಅದಕ್ಕೇ ಜಗಳ ಆಗಿದೆ.

ಲಾವಂಚವೂ ಇರಲಿ. ಬೇರಿನಲ್ಲೇ ಎಣ್ಣೆ ಇರುವುದರಿಂದ ಹುಳ ಹತ್ತಿರ ಬರುವುದು ಕಡಿಮೆ, ಬಟ್ಟೆಯ ಕಪಾಟಿನಲ್ಲಿ ಇಡುವುದೂ ಅದಕ್ಕೇ. ಬೇಸಿಗೆಯಲ್ಲಿ ಅದರ ಪರದೆಗೆ ನೀರು ಚಿಮುಕಿಸಿದರೆ ಮನೆಯೆಲ್ಲ ತಂಪು, ಘಮ. ಮಳೆಗಾಲದಲ್ಲಿ ನೀರು ತಾಗಿಸದೆ ಸುಮ್ನೆ ಒಂದು ಕಟ್ಟು ಬಾಗಿಲ ಹತ್ತಿರ ತೂಗಿಸಿದರೆ ಸಾಕು.

ಗೋಡೆಯ ವಿಷಯಕ್ಕೆ ಬಂದರೆ ನಮ್ಮ ಕಡೆಯ ಹಳಬರನ್ನು ಮೆಚ್ಚಲೇಬೇಕು. ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿದ್ದೀರಲ್ವಾ? ಸುಣ್ಣದ ಗಿಲಾವಿನ ಮೇಲೆ ಕೆಂಪು ಕಾವಿಯ ಪದರ ಕೊಟ್ಟು, ಅದು ಹಸಿ ಇರುವಾಗಲೇ ಗೀರಿ ತೆಗೆದರೆ ಕೆಳಗಿನ ಬಿಳಿ ಕಾಣುತ್ತದೆ. ಚಿತ್ರ ಅಂದರೆ ಅಷ್ಟೇ, ಎರಡೇ ಬಣ್ಣ. ಸುಣ್ಣದ ಖಾರಕ್ಕೆ ಬೂಷ್ಟು ಬೇಗ ಏಳುವುದಿಲ್ಲ. ಆ ಸುಣ್ಣವೂ ಎಷ್ಟೋ ಕಡೆ ಚಿಪ್ಪು ಸುಟ್ಟು ಮಾಡಿದ್ದು.

ಬಾಡಿಗೆ ಮನೆಯ ಗೋಡೆ ಗೀರಿದರೆ ಮಾಲೀಕರು ಸುಮ್ಮನಿರುತ್ತಾರಾ? ಅದಕ್ಕೆ ಹಳೇ ಮಂಗಳೂರು ಹೆಂಚು ತನ್ನಿ. ಮಾಡು ಬಿಚ್ಚಿದ ಮನೆಯವರು ಕೇಳಿದರೆ ಪುಕ್ಕಟೆ ಕೊಡುತ್ತಾರೆ. ತಿಕ್ಕಿ ತೊಳೆದು, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಶೇಡಿ ಬರೆಯಿರಿ. ಘಟ್ಟದ ಮೇಲಿನ ಮನೆಗಳಲ್ಲಿ ಹಬ್ಬಕ್ಕೆ ನೆಲದ ಅಂಚಿಗೆ ಬರೆಯುತ್ತಾರಲ್ಲ, ಅದೇ ಬಿಳಿ ಮಣ್ಣು. ರಾತ್ರಿ ನೆನೆಹಾಕಿ, ಮಜ್ಜಿಗೆಯ ಹದಕ್ಕೆ ಕಲಸಿ, ಅರಿವೆಯ ಚೂರನ್ನು ಅದರಲ್ಲಿ ಅದ್ದಿ ಬೆರಳ ತುದಿಯಲ್ಲಿ ಹಿಂಡುತ್ತಾ ಗೆರೆ ಎಳೆಯಬೇಕು. ಎಳೆಯುವಾಗ ಏನೂ ಕಾಣುವುದಿಲ್ಲ, ಬರೀ ಒದ್ದೆ ಗೆರೆ. ಆರುತ್ತಾ ಬಂದ ಹಾಗೆ ಬೆಳ್ಳಗೆ ಏಳುತ್ತದೆ. ಮೊದಲ ಸಲ ನಾನು ಕಾಣಲಿಲ್ಲ ಅಂತ ಅದರ ಮೇಲೇ ಮತ್ತೆ ಎಳೆದು ಎಲ್ಲ ಕೆಡಿಸಿದ್ದೆ. ತಾಳ್ಮೆ ಬೇಕು. ಥಂಡಿಗೆ ಮಾಸಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಚೌತಿ ಹೊತ್ತಿಗೆ ಇನ್ನೊಂದು ಬರೆದರಾಯ್ತು.

ಮನೆ ಬದಲಿಸುವಾಗ ಹೆಂಚು ಕೈಚೀಲದಲ್ಲಿ ಹಿಡಿಯುತ್ತದೆ. ಒಂದರ ಬದಲು ಎರಡು ಬರೆದಿಟ್ಟುಕೊಳ್ಳಿ, ಸಾಮಾನು ಸಾಗಿಸುವಾಗ ಒಂದು ಒಡೆಯುವುದು ಗ್ಯಾರಂಟಿ.