ಹಿಂಗಿನ ಡಬ್ಬಿಯಿಂದ ಆಸ್ಪತ್ರೆ ಗೇಟಿನವರೆಗೆ: ಪೆಸಾಖ್ ಊಟದ ರಾಜಕೀಯ

ಮಿಡಿಸೌತೆ ಕಾರ್ಖಾನೆಯವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಮ್ಮದು ಶುದ್ಧ ಸಸ್ಯಾಹಾರಿ ಮಾಲು ಸಾರ್. ಹಸಿರು ಚುಕ್ಕಿ ಇದೆ, ಕೋಷರ್ ಸರ್ಟಿಫಿಕೇಟೂ ಇದೆ. ಮತ್ತೆ ಪೆಸಾಖ್‌ಗೆ ಅಂತ ಇನ್ನೊಂದು ಯಾಕೆ ಕೇಳುತ್ತಾರೆ?" ಕೋಷರ್ ಅಂದರೆ ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುವ ಊಟ, ಪೆಸಾಖ್ ಅವರ ಒಂದು ಹಬ್ಬ.

ನಾನು ಆಹಾರ ತಂತ್ರಜ್ಞ. ರಫ್ತು ಮಾಡುವ ಕಾರ್ಖಾನೆಗಳನ್ನು ಆಡಿಟ್‌ಗೆ ಸಿದ್ಧ ಮಾಡಿಸುವುದು ನನ್ನ ಕೆಲಸ. ಯಹೂದಿ ಅಲ್ಲ, ಆದರೆ ಕೋಷರ್ ಆಡಿಟ್‌ಗೆ ಬರುವ ರಬ್ಬಿಗಳ (ಯಹೂದಿ ಧರ್ಮಗುರುಗಳ) ಜೊತೆ ಬಾಯ್ಲರ್ ಕೋಣೆಯಲ್ಲಿ, ಗೋದಾಮಿನಲ್ಲಿ ಓಡಾಡುತ್ತಾ ಅವರ ನಿಯಮಗಳು ಒಂದಿಷ್ಟು ತಲೆಗೆ ಹತ್ತಿವೆ. ಅವರ ಜಗಳಗಳೂ ಹತ್ತಿವೆ. ಕಾರ್ಖಾನೆಯವರಿಗೆ ನಿಯಮದ ಪಟ್ಟಿ ಕೊಟ್ಟರೆ ಸಾಕು, ಅಲ್ವಾ? ಸಾಲದು ಅನ್ನುವುದು ನನ್ನ ಅನುಭವ. ಯಾರ ನಿಯಮ, ಯಾರ ಸಹಿ ಅಂತ ಗೊತ್ತಿಲ್ಲದಿದ್ದರೆ ಸರ್ಟಿಫಿಕೇಟ್ ಇದ್ದೂ ಮಾಲು ವಾಪಸ್ ಬರಬಹುದು.

ಮೊದಲು ಹಬ್ಬ. ಪೆಸಾಖ್ ಅಂದರೆ ಕನ್ನಡ ಬೈಬಲ್ ಓದಿದವರಿಗೆ ಗೊತ್ತಿರುವ ಪಸ್ಕ ಹಬ್ಬವೇ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಂದ ನೆನಪು. ನಿಸಾನ್ ತಿಂಗಳ ಹುಣ್ಣಿಮೆಯ ಹೊತ್ತಿಗೆ ಶುರು. ಇಸ್ರೇಲ್‌ನಲ್ಲಿ ಏಳು ದಿನ, ಹೊರಗಿನವರಲ್ಲಿ ಬಹುಪಾಲು ಜನರಿಗೆ ಎಂಟು ದಿನ. ಅಷ್ಟೂ ದಿನ ಹಮೆಟ್ಸ್ ತಿನ್ನುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಹಮೆಟ್ಸ್ ಅಂದರೆ ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಎಂಬ ಐದು ಧಾನ್ಯಗಳ ಹಿಟ್ಟು ನೀರು ಸೇರಿ ಹುಳಿ ಬಂದದ್ದು. ಹುಳಿ ಬರುವುದಕ್ಕೆ ಇಟ್ಟಿರುವ ಗಡುವು 18 ನಿಮಿಷ. ನೀರು ಬಿದ್ದ ಮೇಲೆ 18 ನಿಮಿಷದೊಳಗೆ ಬೆಂದು ಮುಗಿದರೆ ಅದು ಮಾತ್ಸಾ, ಹಬ್ಬದಲ್ಲಿ ತಿನ್ನಲೇಬೇಕಾದ ರೊಟ್ಟಿ. ತಡವಾದರೆ ಅದೇ ಹಿಟ್ಟು ನಿಷಿದ್ಧ.

ಮಾಮೂಲಿ ಕೋಷರ್‌ನಲ್ಲಿ ಗೋಧಿಗೆ ತಕರಾರೇ ಇಲ್ಲ. ಅಲ್ಲಿ ನೋಡುವುದು ಬೇರೆ: ಯಾವ ಪ್ರಾಣಿ, ಹೇಗೆ ಕಡಿದದ್ದು, ಹಾಲು ಮಾಂಸ ಬೆರೆತಿದೆಯೇ, ತರಕಾರಿಯಲ್ಲಿ ಹುಳ ಇದೆಯೇ. ಹಾಗಾಗಿ ವರ್ಷವಿಡೀ ಕೋಷರ್ ಆಗಿರುವ ಮಾಲು ಪೆಸಾಖ್ ವಾರದಲ್ಲಿ ನಿಷಿದ್ಧ ಆಗಬಹುದು.

ಇದಕ್ಕೆ ನಾನು ಕೊಡುವ ಉದಾಹರಣೆ ಹಿಂಗು. ನಮ್ಮ ಅಡುಗೆಮನೆಯ ಹಿಂಗಿನ ಡಬ್ಬಿಯ ಹಿಂಬದಿ ಓದಿ. ಸಾಮಾನ್ಯವಾಗಿ ಅದರಲ್ಲಿ ಹಿಂಗಿಗಿಂತ ಗೋಂದು ಮತ್ತು ಹಿಟ್ಟೇ ಜಾಸ್ತಿ. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಆ ಹಿಟ್ಟು ಗೋಧಿಯದು. ಉಪ್ಪಿನಕಾಯಿ, ಸಾರಿನ ಪುಡಿ, ಚಟ್ನಿಪುಡಿ, ಯಾವುದಕ್ಕೆ ಚಿಟಿಕೆ ಬಿದ್ದರೂ ಪೆಸಾಖ್ ಸರ್ಟಿಫಿಕೇಟಿನ ಆಸೆ ಬಿಡಬೇಕು. "ಚೂರೇ ಚೂರು ಇದೆ" ಅನ್ನುವ ವಾದ ವರ್ಷದ ಬೇರೆ ದಿನ ಕೆಲವು ಸಲ ನಡೆಯುತ್ತದೆ. ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೆ, ಅದೂ ಗೊತ್ತಿಲ್ಲದೆ ಬಿದ್ದಿದ್ದರೆ, ಇಲ್ಲದ ಹಾಗೆ ಲೆಕ್ಕ. ಪೆಸಾಖ್‌ನಲ್ಲಿ ಹಬ್ಬದ ದಿನಗಳಲ್ಲೇ ಬೆರೆತ ಹಮೆಟ್ಸ್‌ಗೆ ಆ ವಿನಾಯಿತಿಯೂ ಇಲ್ಲ.

ವಿನೆಗರ್ ಇನ್ನೂ ಜಾಣತನದ ವಿಷಯ. ಮಿಡಿಸೌತೆಗೆ ಹಾಕುವ ವಿನೆಗರ್ ಸ್ಪಿರಿಟ್‌ನಿಂದ ಆದದ್ದಾದರೆ, ಸ್ಪಿರಿಟ್ ಯಾವುದರಿಂದ ಆಯಿತು ಅಂತ ರಬ್ಬಿ ಕೇಳಿಯೇ ಕೇಳುತ್ತಾರೆ. ಹಿಂದೆ ನಮ್ಮ ಕಡೆ ಉತ್ತರ ಸುಲಭ ಇತ್ತು: ಕಬ್ಬಿನ ಮೊಲಾಸಿಸ್. ಈಚೆಗೆ ಪೆಟ್ರೋಲಿಗೆ ಬೆರೆಸುವ ಎಥನಾಲ್‌ಗಾಗಿ ಅಕ್ಕಿ, ಮೆಕ್ಕೆಜೋಳದಿಂದ ಸ್ಪಿರಿಟ್ ತೆಗೆಯುವ ಡಿಸ್ಟಿಲರಿಗಳು ಹೆಚ್ಚಿವೆ. ಎರಡೂ ಬಗೆಯದನ್ನು ತೆಗೆಯುವ ಘಟಕಗಳೂ ಇವೆ. ಅಕ್ಕಿ, ಮೆಕ್ಕೆಜೋಳ ಆ ಐದು ಧಾನ್ಯಗಳಲ್ಲಿ ಇಲ್ಲ, ಆದರೂ ಕೆಲವು ಯಹೂದಿಗಳು ಇವನ್ನೂ ಒಪ್ಪುವುದಿಲ್ಲ, ಅದನ್ನು ಮುಂದೆ ಹೇಳುತ್ತೇನೆ. ಆದ್ದರಿಂದ ಸಪ್ಲೈಯರ್‌ನಿಂದ ಸುಮ್ನೆ ಒಂದು ಪತ್ರ ತಂದಿಟ್ಟರೆ ನಡೆಯುವುದಿಲ್ಲ. ಬ್ಯಾಚ್‌ವಾರು ದಾಖಲೆ ಬೇಕು.

ಆಮೇಲೆ ಯಂತ್ರಗಳು. ಬಿಸಿ ತಾಗಿದ ಪಾತ್ರೆ ತಾನು ಬೇಯಿಸಿದ್ದನ್ನು ಹೀರಿಕೊಳ್ಳುತ್ತದೆ ಅನ್ನುವುದು ಅವರ ಧರ್ಮಶಾಸ್ತ್ರದ ನಿಲುವು. ಅದಕ್ಕೇ 24 ಗಂಟೆ ಯಂತ್ರ ನಿಲ್ಲಿಸಬೇಕು, ಆಮೇಲೆ ಕುದಿಯುವ ನೀರು ಹಾಯಿಸಬೇಕು, ರಬ್ಬಿ ಕಣ್ಣೆದುರೇ ಆಗಬೇಕು. ಹೊಸಬರು ಮರೆಯುವುದು ಬಾಯ್ಲರ್. ಒಂದೇ ಬಾಯ್ಲರಿನ ಉಗಿ ಎರಡು ಲೈನಿಗೆ ಹೋಗಿ, ನೀರಾಗಿ ವಾಪಸ್ ಬಂದು ಬೆರೆತರೆ ಎರಡು ಲೈನೂ ಒಂದೇ ಲೆಕ್ಕ. ಎಂಜಿನಿಯರುಗಳು ಮೊದಲು ನಗುತ್ತಾರೆ, ಆಮೇಲೆ ಪೈಪಿನ ನಕ್ಷೆ ತೆಗೆದುಕೊಂಡು ಕೂರುತ್ತಾರೆ.

ಇಲ್ಲಿಯವರೆಗೆ ಎಲ್ಲ ಯಹೂದಿಗಳದ್ದೂ ಹೆಚ್ಚುಕಡಿಮೆ ಒಂದೇ ಮಾತು. ಜಗಳ ಶುರುವಾಗುವುದು ಅಕ್ಕಿಯ ಹತ್ತಿರ.

ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿಗಳು ಪೆಸಾಖ್‌ನಲ್ಲಿ ಅಕ್ಕಿ, ಬೇಳೆಕಾಳು, ಮೆಕ್ಕೆಜೋಳ, ಸಾಸಿವೆ ಮುಟ್ಟುವುದಿಲ್ಲ. ಇವುಗಳಿಗೆ ಒಟ್ಟಾಗಿ ಕಿಟ್ನಿಯೋಟ್ ಅಂತ ಹೆಸರು. ಇವು ಹಮೆಟ್ಸ್ ಅಲ್ಲ ಅಂತ ಅವರೂ ಒಪ್ಪುತ್ತಾರೆ. ಗೋಧಿ ಕಾಳು ಬೆರೆತಿರಬಹುದು, ಹಿಟ್ಟು ನೋಡಿ ಜನ ಮೋಸಹೋಗಬಹುದು ಅಂತ 13ನೇ ಶತಮಾನದ ಹೊತ್ತಿಗೆ ಫ್ರಾನ್ಸ್ ಕಡೆ ಕಾಣಿಸಿಕೊಂಡ ಪದ್ಧತಿ ಅದು. ಸ್ಪೇನ್, ಉತ್ತರ ಆಫ್ರಿಕಾ, ಅರಬ್ ದೇಶಗಳ ಮೂಲದ ಸೆಫಾರ್ಡಿ ಮತ್ತು ಮಿಜ್ರಾಹಿಗಳಲ್ಲಿ ಹೆಚ್ಚಿನವರು ಅನ್ನ ತಿನ್ನುತ್ತಾರೆ, ಎಷ್ಟೋ ಮನೆಗಳಲ್ಲಿ ಒಂದೊಂದೇ ಕಾಳು ಆರಿಸಿ. ನಮ್ಮ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳಿಗೂ ಹಬ್ಬದಲ್ಲಿ ಅಕ್ಕಿ ಸಲ್ಲುತ್ತದೆ. ಸ್ಮಾರ್ತರ ಏಕಾದಶಿ ಒಂದು ದಿನ, ವೈಷ್ಣವರದು ಮರುದಿನ ಬಂದಾಗ ಬೀಗರ ಮನೆಗಳಲ್ಲಿ ಆಗುವ ಗೊಂದಲ ಗೊತ್ತಲ್ಲ, ಅಶ್ಕೆನಾಜಿ ಹುಡುಗಿ ಸೆಫಾರ್ಡಿ ಮನೆಗೆ ಸೊಸೆಯಾಗಿ ಹೋದಾಗಲೂ ಅಂಥದ್ದೇ ಕತೆ.

ಅಮೆರಿಕದ ಕನ್ಸರ್ವೇಟಿವ್ ಪಂಥದ ರಬ್ಬಿಗಳ ಸಮಿತಿ 2015ರಲ್ಲಿ ಕಿಟ್ನಿಯೋಟ್ ತಿನ್ನಬಹುದು ಅಂತ ತೀರ್ಮಾನ ಕೊಟ್ಟಿತು. ಅವರಿಗಿಂತ ಹೆಚ್ಚು ಸಂಪ್ರದಾಯಬದ್ಧವಾದ ಆರ್ಥಡಾಕ್ಸ್ ಪಂಥ ಒಪ್ಪಲಿಲ್ಲ. ಆದರೆ ಆರ್ಥಡಾಕ್ಸ್‌ನವರದೇ ಆದ ಓಯು (ಆರ್ಥಡಾಕ್ಸ್ ಯೂನಿಯನ್) ಎಂಬ ಕೋಷರ್ ಸರ್ಟಿಫಿಕೇಟ್ ಸಂಸ್ಥೆ ಸೆಫಾರ್ಡಿ ಗ್ರಾಹಕರಿಗಾಗಿ ಕಿಟ್ನಿಯೋಟ್ ಅಂತ ಪ್ರತ್ಯೇಕ ಗುರುತು ಹಾಕಿಕೊಡುತ್ತದೆ. ಅದಕ್ಕೇ ಸಾಸಿವೆ ಹಾಕಿದ ಮಿಡಿಸೌತೆ ಬಾಟಲಿಗೆ ಪೆಸಾಖ್‌ನಲ್ಲಿ ಮಾರುಕಟ್ಟೆ ಇದೆಯಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು, ತಿನ್ನುವವರು ಯಾರು ಅಂತ.

ಇಸ್ರೇಲ್‌ನಲ್ಲಿ ಈ ಪ್ರಶ್ನೆ ಸರ್ಕಾರದ ಬಾಗಿಲಿಗೇ ಹೋಗಿದೆ. ಅಲ್ಲಿ ಕೋಷರ್ ಅನ್ನುವುದು ಅಂಗಡಿಯವನು ತನಗೆ ತಾನೇ ಹಾಕಿಕೊಳ್ಳಬಹುದಾದ ಬೋರ್ಡ್ ಅಲ್ಲ. 1983ರ ಕಾನೂನಿನ ಪ್ರಕಾರ ಆ ಮಾತು ಬಳಸಲು ಚೀಫ್ ರಬ್ಬಿನೇಟ್ ಎಂಬ ಸರ್ಕಾರಿ ಸಂಸ್ಥೆಯ ಒಪ್ಪಿಗೆ ಬೇಕು. ಈ ರಬ್ಬಿನೇಟ್ ಬ್ರಿಟಿಷರ ಕಾಲದಲ್ಲಿ, 1921ರಲ್ಲಿ ಶುರುವಾದದ್ದು. ಒಬ್ಬರು ಅಶ್ಕೆನಾಜಿ, ಒಬ್ಬರು ಸೆಫಾರ್ಡಿ, ಹೀಗೆ ಇಬ್ಬರು ಮುಖ್ಯ ರಬ್ಬಿಗಳು. ನಮ್ಮಂಥ ಹೊರದೇಶದ ಮಾಲಿಗೆ ಸಂಬಂಧಪಟ್ಟದ್ದು ಇದು: ಹೊರಗಿನ ಎಲ್ಲ ಸಂಸ್ಥೆಗಳ ಸರ್ಟಿಫಿಕೇಟನ್ನೂ ರಬ್ಬಿನೇಟ್ ಒಪ್ಪುವುದಿಲ್ಲ. ಅಮೆರಿಕದಲ್ಲಿ ಸಲ್ಲುವ ಸಹಿ ಟೆಲ್ ಅವೀವ್‌ನಲ್ಲಿ ಸಲ್ಲಬೇಕು ಅಂತಿಲ್ಲ.

ಈ ಏಕಸ್ವಾಮ್ಯದ ವಿರುದ್ಧ ಗೊಣಗಿದವರು ಬರೀ ನಾಸ್ತಿಕರಲ್ಲ, ಆರ್ಥಡಾಕ್ಸ್ ರಬ್ಬಿಗಳೂ ಇದ್ದರು. ಜೆರುಸಲೇಮಿನ ರಬ್ಬಿ ಆರನ್ ಲೀಬೊವಿಟ್ಜ್ ಹೋಟೆಲುಗಳಿಗೆ ಖಾಸಗಿ ತಪಾಸಣೆ ಶುರು ಮಾಡಿದರು. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ವಿಚಿತ್ರ ಆದರೆ ಉಪಯೋಗದ ತೀರ್ಪು ಕೊಟ್ಟಿತು: ಕೋಷರ್ ಅನ್ನುವ ಮಾತು ಬಳಸುವಂತಿಲ್ಲ, ಆದರೆ ಅಡುಗೆಮನೆಯಲ್ಲಿ ಯಾವ ನಿಯಮ ಪಾಲಿಸುತ್ತೇವೆ, ಯಾರು ನೋಡಿಕೊಳ್ಳುತ್ತಾರೆ ಅಂತ ಬರೆದು ಹಾಕಬಹುದು. 2021ರಲ್ಲಿ ಧಾರ್ಮಿಕ ಸೇವೆಗಳ ಸಚಿವ ಮತಾನ್ ಕಹಾನಾ, ತಾವೇ ತಲೆಗೆ ಯಹೂದಿ ಟೋಪಿ ಧರಿಸುವ ಧಾರ್ಮಿಕ ವ್ಯಕ್ತಿ, ಖಾಸಗಿ ಸಂಸ್ಥೆಗಳಿಗೂ ಸರ್ಟಿಫಿಕೇಟ್ ಕೊಡುವ ದಾರಿ ತೆರೆಯುವ ಕಾನೂನು ತಂದರು. ರಬ್ಬಿನೇಟ್ ಮತ್ತು ಹರೇದಿ (ಕಟ್ಟಾ ಸಂಪ್ರದಾಯಸ್ಥ ಯಹೂದಿ) ಪಕ್ಷಗಳು ಕೆಂಡವಾದವು. ಸರ್ಕಾರ ಬದಲಾದ ಮೇಲೆ ಆ ಸುಧಾರಣೆ ಹಳ್ಳ ಹಿಡಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಸ್ಪರ್ಧೆ ಇರುವುದೇ ಒಳ್ಳೆಯದು. ಅಮೆರಿಕದಲ್ಲಿ ಸರ್ಕಾರದ ಕೈಯಿಲ್ಲದೆ ಹಲವು ಸಂಸ್ಥೆಗಳು ನಡೆಯುತ್ತಿವೆ, ಕಟ್ಟುನಿಟ್ಟು ಕಡಿಮೆ ಆಗಿಲ್ಲ. ಆದರೆ ಎದುರು ವಾದವನ್ನೂ ತಳ್ಳಿಹಾಕಲಾಗದು: ಹತ್ತು ಸಂಸ್ಥೆಗಳಿದ್ದರೆ ಬಡ ಗ್ರಾಹಕ ಯಾವುದನ್ನು ನಂಬಬೇಕು?

ಸರ್ಕಾರ ಬದಲಾದದ್ದಕ್ಕೂ ಹಮೆಟ್ಸ್‌ಗೂ ನಂಟಿದೆ. ಅಲ್ಲಿನ ಆಸ್ಪತ್ರೆಗಳಲ್ಲಿ ಪೆಸಾಖ್ ಬಂತೆಂದರೆ ಗೇಟಿನ ಸೆಕ್ಯೂರಿಟಿ ಗಾರ್ಡುಗಳು ಬ್ಯಾಗ್ ತೆಗೆಸಿ ಬ್ರೆಡ್ ಇದೆಯಾ ಅಂತ ನೋಡುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದು ತಪ್ಪು ಅಂತ ಬಹುಮತದ ತೀರ್ಪು ಕೊಟ್ಟಿತು. ಎರಡೂ ಕಡೆಯವರ ಮಾತು ನನಗೆ ಅರ್ಥವಾಗುತ್ತದೆ. ಪಕ್ಕದ ಹಾಸಿಗೆಯವನು ಬ್ರೆಡ್ ತಿಂದರೆ ತನ್ನ ಹಬ್ಬ ಕೆಡುತ್ತದೆ ಅಂತ ಧಾರ್ಮಿಕ ರೋಗಿ ಸಂಕಟಪಡುತ್ತಾನೆ. ರೋಗಿ ಆಸ್ಪತ್ರೆಗೆ ಬಂದದ್ದು ಇಷ್ಟಪಟ್ಟಲ್ಲ, ಅವನ ಚೀಲಕ್ಕೆ ಕೈಹಾಕಲು ನಿಮಗೇನು ಹಕ್ಕು ಅಂತ ಸೆಕ್ಯುಲರ್ ಜನ ಕೇಳುತ್ತಾರೆ. ಇದರ ಜೊತೆಗೆ ದೇಶದ ಸುಮಾರು ಐದನೇ ಒಂದು ಪಾಲು ಅರಬ್ಬರು. ರೋಗಿಗಳಲ್ಲೂ ಅವರಿದ್ದಾರೆ, ಡಾಕ್ಟರು ನರ್ಸುಗಳಲ್ಲೂ ಇದ್ದಾರೆ. ಅವರಿಗೆ ಇದು ಹಬ್ಬವೇ ಅಲ್ಲ.

2022ರಲ್ಲಿ ಹಬ್ಬ ಏಪ್ರಿಲ್ 15ರ ಸಂಜೆ ಶುರುವಾಗುವುದಿತ್ತು. ಅದಕ್ಕೆ ಮೊದಲು ಆರೋಗ್ಯ ಸಚಿವ ನಿತ್ಸಾನ್ ಹೊರೊವಿಟ್ಜ್ ಕೋರ್ಟ್ ತೀರ್ಪು ಪಾಲಿಸಿ ಅಂತ ಆಸ್ಪತ್ರೆಗಳಿಗೆ ಪತ್ರ ಬರೆದರು. ಏಪ್ರಿಲ್ 6ರಂದು ಪ್ರಧಾನಿ ನಫ್ತಾಲಿ ಬೆನೆಟ್ ಅವರ ಸ್ವಂತ ಪಕ್ಷದ ಇದಿತ್ ಸಿಲ್ಮನ್ ಒಕ್ಕೂಟದಿಂದ ಹೊರನಡೆದರು. 120 ಸ್ಥಾನಗಳ ಸಂಸತ್ತಿನಲ್ಲಿ 61 ಇದ್ದ ಬಲ 60ಕ್ಕೆ ಇಳಿಯಿತು. ಜೂನ್ ಕೊನೆಗೆ ಸಂಸತ್ತು ವಿಸರ್ಜನೆ, ನವೆಂಬರ್ 1ಕ್ಕೆ ಚುನಾವಣೆ, ಡಿಸೆಂಬರ್ ಕೊನೆಗೆ ನೆತನ್ಯಾಹು ವಾಪಸ್. ಅವರ ಸಂಪುಟದಲ್ಲಿ ಸಿಲ್ಮನ್ ಪರಿಸರ ಸಚಿವೆ! ಬ್ರೆಡ್ಡಿನಿಂದಲೇ ಸರ್ಕಾರ ಬಿತ್ತು ಅನ್ನುವುದು ಅತಿ ಆಯಿತು. ಎಂಟು ಪಕ್ಷಗಳ ಆ ಒಕ್ಕೂಟದ ಒಳಗೆ ಒತ್ತಡ ಬೇಕಾದಷ್ಟಿತ್ತು. ಆದರೆ ಹೊರನಡೆಯಲು ಒಂದು ನೆಪ ಬೇಕಾದಾಗ ಹಮೆಟ್ಸ್‌ಗಿಂತ ಗಟ್ಟಿಯಾದದ್ದು ಅಲ್ಲಿ ಸಿಗುವುದು ಕಷ್ಟ. 2023ರ ಮಾರ್ಚ್‌ನಲ್ಲಿ ಹೊಸ ಸರ್ಕಾರ ಕಾನೂನು ಮಾಡಿ, ಹಬ್ಬದಲ್ಲಿ ಹಮೆಟ್ಸ್ ತರುವುದನ್ನು ನಿಷೇಧಿಸುವ ಅಧಿಕಾರವನ್ನು ಆಸ್ಪತ್ರೆಗಳ ಆಡಳಿತಕ್ಕೆ ಕೊಟ್ಟಿತು.

ಇಷ್ಟೆಲ್ಲ ಬಿಗಿ ಇರುವ ದೇಶವೇ ಹಬ್ಬದ ವಾರಕ್ಕೆ ತನ್ನ ಹಮೆಟ್ಸ್ ದಾಸ್ತಾನನ್ನು ಯಹೂದಿಯಲ್ಲದ ಒಬ್ಬ ವ್ಯಕ್ತಿಗೆ ಕರಾರು ಬರೆದು ಮಾರುತ್ತದೆ. ಅಬು ಘೋಷ್ ಎಂಬ ಊರಿನ ಒಬ್ಬ ಅರಬ್ ಹೋಟೆಲ್ ಮ್ಯಾನೇಜರ್ ಎಷ್ಟೋ ವರ್ಷ ಇದನ್ನು ಮುಂಗಡ ಕೊಟ್ಟು ಕೊಳ್ಳುತ್ತಿದ್ದರು, ಹಬ್ಬ ಮುಗಿದ ಮೇಲೆ ಹಿಂದಿರುಗಿಸುತ್ತಿದ್ದರು. ಸೂಪರ್ ಮಾರ್ಕೆಟ್‌ಗಳು ಬಿಸ್ಕತ್ತು, ಪಾಸ್ತಾ ಇರುವ ಕಪಾಟುಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತವೆ. ಕಾರ್ಖಾನೆಯವರಿಗೆ ಇದು ನಾಟಕ ಅನ್ನಿಸುತ್ತದೆ. ರಬ್ಬಿಗಳಿಗೆ ಇದು ಕಾನೂನು ಪ್ರಕಾರ ಪೂರ್ತಿ ನಿಜವಾದ ಮಾರಾಟ.

ಇಸ್ರೇಲ್‌ನ ಹೊರಗೆ ರಾಜಕೀಯ ಊಟದ ಮೇಜಿನ ಮೇಲೇ ಇದೆ. ಮೊದಲ ರಾತ್ರಿಯ ಸೇಡರ್ ಊಟದಲ್ಲಿ "ನಾವು ಗುಲಾಮರಾಗಿದ್ದೆವು" ಅಂತ ಓದುತ್ತಾರೆ. ಹಾಗಾದರೆ ಇವತ್ತಿನ ಗುಲಾಮ ಯಾರು? 1969ರ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಒಂದು ವರ್ಷಕ್ಕೆ, ಯಹೂದಿ ಹೋರಾಟಗಾರ ಆರ್ಥರ್ ವಾಸ್ಕೊ ವಾಷಿಂಗ್ಟನ್‌ನ ಒಂದು ಚರ್ಚಿನಲ್ಲಿ ಕಪ್ಪು ಜನರನ್ನೂ ಬಿಳಿಯರನ್ನೂ ಕೂರಿಸಿಕೊಂಡು ಸೇಡರ್ ನಡೆಸಿದರು. ಸೋವಿಯತ್ ಒಕ್ಕೂಟದಲ್ಲಿ ಸಿಕ್ಕಿಹಾಕಿಕೊಂಡ ಯಹೂದಿಗಳಿಗಾಗಿ ಒಂದು ಮಾತ್ಸಾ ಹೆಚ್ಚಿಗೆ ಇಡುವ ರೂಢಿ ಒಂದು ಕಾಲಕ್ಕೆ ಅಮೆರಿಕದಲ್ಲಿತ್ತು. ಯಹೂದಿ ವಿದ್ವಾಂಸೆ ಸೂಸನ್ನಾ ಹೆಶೆಲ್ ಸೇಡರ್ ತಟ್ಟೆಯಲ್ಲಿ ಕಿತ್ತಳೆ ಇಟ್ಟದ್ದು, ಸಮುದಾಯ ಅಂಚಿಗೆ ತಳ್ಳಿದ ಸಲಿಂಗಿಗಳ ಪರವಾಗಿ.

2023ರ ಅಕ್ಟೋಬರ್ 7ರ ದಾಳಿ ಮತ್ತು ಗಾಜಾ ಯುದ್ಧದ ನಂತರದ ಮೊದಲ ಪೆಸಾಖ್ 2024ರ ಏಪ್ರಿಲ್ 22ರ ರಾತ್ರಿ ಬಂತು. ಎಷ್ಟೋ ಮನೆಗಳಲ್ಲಿ ಒತ್ತೆಯಾಳುಗಳ ಹೆಸರಲ್ಲಿ ಒಂದು ಕುರ್ಚಿ ಖಾಲಿ ಬಿಟ್ಟರು. ಅದೇ ರಾತ್ರಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗಾಜಾ ಪರ ಪ್ರತಿಭಟನೆಯ ಡೇರೆಗಳ ನಡುವೆ ಯಹೂದಿ ವಿದ್ಯಾರ್ಥಿಗಳು ಸೇಡರ್ ಮಾಡಿದರು. ಎರಡೂ ಕಡೆ ಓದಿದ ಕತೆ ಒಂದೇ. ಯಹೂದಿಗಳ ಅಭಿಪ್ರಾಯ ಏನು ಅಂತ ಯಾರಾದರೂ ಏಕವಚನದಲ್ಲಿ ಕೇಳಿದಾಗ ನನಗೆ ಆ ರಾತ್ರಿಯ ಸುದ್ದಿಗಳು ನೆನಪಾಗುತ್ತವೆ.

ಕಾರ್ಖಾನೆಯವರಿಗೆ ನನ್ನ ಸಲಹೆ ಇಷ್ಟು. ಬೆಲೆ ಹೇಳುವ ಮೊದಲೇ ಖರೀದಿದಾರರಿಂದ ಮೂರು ಉತ್ತರ ಬರವಣಿಗೆಯಲ್ಲಿ ತರಿಸಿಕೊಳ್ಳಿ: ಯಾವ ದೇಶಕ್ಕೆ, ಯಾವ ಸಂಸ್ಥೆಯ ಸಹಿ, ಕಿಟ್ನಿಯೋಟ್ ನಡೆಯುತ್ತದೆಯೇ. ತಾರೀಖನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅವರದೂ ನಮ್ಮ ಹಾಗೆ ಚಾಂದ್ರಮಾನ, 19 ವರ್ಷಕ್ಕೆ ಏಳು ಅಧಿಕ ಮಾಸ. ಆದರೆ ನಮ್ಮ ಅಧಿಕ ಮಾಸ ಬೇರೆ ಬೇರೆ ತಿಂಗಳಲ್ಲಿ ಬಂದರೆ, ಅವರದು ಯಾವಾಗಲೂ ನಿಸಾನ್‌ಗೆ ಮೊದಲಿನ ಅದಾರ್‌ನಲ್ಲೇ. ಹಾಗಾಗಿ 2026ರಲ್ಲಿ ಏಪ್ರಿಲ್ 1ರ ಸಂಜೆಗೆ ಬೀಳುವ ಹಬ್ಬ 2027ರಲ್ಲಿ ಏಪ್ರಿಲ್ 21ರ ಸಂಜೆಗೆ ಹೋಗುತ್ತದೆ. ಹಡಗಿನ ಸಮಯ, ಅಂಗಡಿಗೆ ತಲುಪಿಸುವ ಸಮಯ ಎಲ್ಲ ಕಳೆದು ನೋಡಿದರೆ ಪೆಸಾಖ್ ಮಾಲಿನ ಉತ್ಪಾದನೆ ನಮ್ಮಲ್ಲಿ ದೀಪಾವಳಿ ಆಸುಪಾಸಿನಲ್ಲೇ ಮುಗಿಯಬೇಕು. ರಬ್ಬಿಗಳಿಗೆ ಅದಕ್ಕೆ ಸ್ವಲ್ಪ ಮೊದಲು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಹೊಸ ವರ್ಷದಿಂದ ಹಿಡಿದು ಸಾಲು ಸಾಲು ಹಬ್ಬ. ಆ ವಾರಗಳಲ್ಲಿ ಆಡಿಟ್ ಇಟ್ಟುಕೊಂಡರೆ ಯಾರೂ ಬರುವುದಿಲ್ಲ.