ತೋಕೂರಿನಲ್ಲಿ ರೈಲು ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಮುಂಬೈಯಿಂದ ಬರುವಾಗ ಸುರತ್ಕಲ್ ದಾಟಿದ ಮೇಲೆ ತೋಕೂರು ಅನ್ನುವ ಸಣ್ಣ ಸ್ಟೇಷನ್ನಿನಲ್ಲಿ ರೈಲು ಸುಮ್ನೆ ನಿಂತುಬಿಡುತ್ತದೆ. ಅಲ್ಲಿ ಇಂಜಿನ್ ಬದಲಾಯಿಸುತ್ತಾರಾ? ಕೊಂಕಣ ರೈಲ್ವೆಯವರು ಮಂಗಳೂರಿನ ತನಕ ನಿಲ್ಲಿಸದೆ ತರಬಾರದಾ?

ಉತ್ತರ: ಈ ಪ್ರಶ್ನೆ ನನಗೆ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಮೇ ರಜೆಗೆ ಬಂದವರು ಒಮ್ಮೆ ಕೇಳುತ್ತಾರೆ, ಚೌತಿಗೆ ಬಂದವರು ಇನ್ನೊಮ್ಮೆ. ಹೋದ ಸಲ ಉತ್ತರ ಬರೆದಾಗ ಇನ್ನು ಯಾರೂ ಕೇಳಲಿಕ್ಕಿಲ್ಲ ಅಂದುಕೊಂಡಿದ್ದೆ. ಆಯ್ತು, ಇನ್ನೊಮ್ಮೆ ಹೇಳುತ್ತೇನೆ.

ಇಂಜಿನ್ ಬದಲಾಯಿಸುವುದಿಲ್ಲ. ಆ ನಂಬಿಕೆ ಹಳೆಯ ನೆನಪಿನಿಂದ ಬಂದದ್ದು. ಕೊಂಕಣ ದಾರಿಗೆ ಕರೆಂಟ್ ಬರುವ ಮೊದಲು, ಕೇರಳದ ಕಡೆಯಿಂದ ವಿದ್ಯುತ್ ಇಂಜಿನ್ನಿನಲ್ಲಿ ಬಂದ ರೈಲಿಗೆ ಡೀಸೆಲ್ ಇಂಜಿನ್ ಜೋಡಿಸುತ್ತಿದ್ದರು. ಅದೂ ನಡೆಯುತ್ತಿದ್ದದ್ದು ಮಂಗಳೂರು ಜಂಕ್ಷನ್‌ನಲ್ಲಿ, ತೋಕೂರಿನಲ್ಲಲ್ಲ. 2022ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ರೋಹಾದಿಂದ ತೋಕೂರಿನ ತನಕ ಪೂರ್ತಿ ವಿದ್ಯುದೀಕರಣ ಮುಗಿದು, ಜೂನ್‌ನಲ್ಲಿ ಲೋಕಾರ್ಪಣೆಯೂ ಆಯಿತು. ಅಲ್ಲಿಗೆ ಆ ಕಥೆ ಮುಗಿಯಿತು.

ಮತ್ತೆ ಯಾಕೆ ನಿಲ್ಲುತ್ತದೆ? ದಾರಿ ಖಾಲಿ ಇಲ್ಲದಿದ್ದರೆ ನಿಲ್ಲುತ್ತದೆ, ಅಷ್ಟೇ. ತೋಕೂರಿನಿಂದ ಉತ್ತರಕ್ಕೆ ಒಂಟಿ ಹಳಿ. ಎದುರಿನಿಂದ ಒಂದು ರೈಲು ಬರುವುದಿದ್ದರೆ ಇನ್ನೊಂದು ಎಲ್ಲಾದರೂ ಬದಿಗೆ ಸರಿದು ಕಾಯಲೇಬೇಕು. ದಕ್ಷಿಣಕ್ಕೆ ಹೋದರೆ ಜೋಕಟ್ಟೆಯಲ್ಲಿ ಪಣಂಬೂರು ಬಂದರಿನ ಗೂಡ್ಸ್ ಗಾಡಿಗಳು ಬಂದು ಸೇರುತ್ತವೆ. ಅದರಾಚೆ ಜಂಕ್ಷನ್‌ನಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಇರಬೇಕು. ಜಂಕ್ಷನ್‌ನಿಂದ ಪಣಂಬೂರಿನ ಕಡೆಗೆ ಜೋಡಿ ಹಳಿ ಬಂದಿರುವುದರಿಂದ ಪರಿಸ್ಥಿತಿ ಮೊದಲಿಗಿಂತ ವಾಸಿ. ಆದರೆ ಆಲಿಕೆಯ ಬಾಯಿ ಎಷ್ಟು ಅಗಲ ಇದ್ದರೇನು, ಕೊಳವೆ ಸಣ್ಣದಿದ್ದರೆ ಎಣ್ಣೆ ನಿಧಾನವಾಗಿಯೇ ಇಳಿಯುವುದು.

ಆ ಹತ್ತು ನಿಮಿಷ ಹೇಗಿರುತ್ತದೆ ಅಂತ ಬಂದವರಿಗೆಲ್ಲ ಗೊತ್ತು. ಮುಲ್ಕಿ ದಾಟುವಾಗಲೇ ಬ್ಯಾಗುಗಳೆಲ್ಲ ಬಾಗಿಲ ಹತ್ತಿರ ಸಾಲಾಗಿ ನಿಂತಿರುತ್ತವೆ. ಮಗುವಿಗೆ ಚಪ್ಪಲಿ ಹಾಕಿ ಆಗಿರುತ್ತದೆ. ಆಗ ರೈಲು ನಿಲ್ಲುತ್ತದೆ. ಹೊರಗೆ ನೋಡಿದರೆ ಹಳದಿ ಬೋರ್ಡು, ಮೂರು ಲಿಪಿಯಲ್ಲಿ ತೋಕೂರು. ಪ್ಲಾಟ್‌ಫಾರ್ಮಿನಲ್ಲಿ ಒಂದು ನಾಯಿ, ರಾತ್ರಿಯಾದರೆ ದೂರದಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕದ ಚಿಮಿಣಿಯ ಬೆಂಕಿ. ಫೋನಿನಲ್ಲಿ ಯಾರೋ, “ಬಂದೆವು ಮಾರಾಯ್ರೆ, ಇಲ್ಲೇ ತೋಕೂರಲ್ಲಿ ಉಂಟು” ಅನ್ನುತ್ತಾರೆ. ಕಾಲು ಗಂಟೆ ಕಳೆದ ಮೇಲೆ ಅದೇ ಮನುಷ್ಯ, ಅದೇ ಮಾತು, ಸ್ವರ ಮಾತ್ರ ಸ್ವಲ್ಪ ಜೋರು.

ಈಗ ಪ್ರಶ್ನೆಯ ಕೊನೆಯ ಸಾಲಿಗೆ ಬರುತ್ತೇನೆ. “ಕೊಂಕಣ ರೈಲ್ವೆಯವರು ಮಂಗಳೂರಿನ ತನಕ ತರಬಾರದಾ” ಅಂತ ಕೇಳಿದ್ದೀರಿ. ನನಗೆ ತಲೆನೋವು ಬರುವುದು ಇಲ್ಲೇ.

ಕೊಂಕಣ ರೈಲ್ವೆ ಮಂಗಳೂರಿನ ತನಕ ಇಲ್ಲ. ತೋಕೂರಿನಲ್ಲೇ ಮುಗಿಯುತ್ತದೆ. ರೋಹಾದಿಂದ ತೋಕೂರಿಗೆ 741 ಕಿಲೋಮೀಟರ್, ಅಷ್ಟೇ ಅವರದ್ದು. ಮಂಗಳೂರು ಸೆಂಟ್ರಲ್ ಅವರದ್ದಲ್ಲ. ಮಂಗಳೂರು ಜಂಕ್ಷನ್ ಅವರದ್ದಲ್ಲ. ಜೋಕಟ್ಟೆ, ಪಣಂಬೂರು ಕೂಡ ಅವರದ್ದಲ್ಲ. ಇವೆಲ್ಲ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದವು. ತೋಕೂರಿನ ಉತ್ತರಕ್ಕೆ ಏನಾದರೂ ಆದರೆ ಫೈಲು ಹೋಗುವುದು ಕಾರವಾರಕ್ಕೆ, ಅಲ್ಲಿಂದ ನವಿಮುಂಬೈಯ ಬೇಲಾಪುರಕ್ಕೆ. ದಕ್ಷಿಣಕ್ಕೆ ಆದರೆ ಪಾಲಕ್ಕಾಡಿಗೆ, ಅಲ್ಲಿಂದ ಚೆನ್ನೈಗೆ. ನಡುವೆ ಇರುವುದು ಈ ಒಂದು ಸಣ್ಣ ಸ್ಟೇಷನ್.

“ಅದೆಲ್ಲ ಕಾಗದದ ಲೆಕ್ಕ, ನಮಗೇನು?” ಅಂತ ಒಬ್ಬರು ಕೇಳಿದ್ದರು. ನಿಮಗೇ ಸ್ವಾಮಿ. 2019ರ ಆಗಸ್ಟ್‌ನಲ್ಲಿ ಕುಲಶೇಖರದ ಹತ್ತಿರ ಗುಡ್ಡ ಕುಸಿದು ಹಳಿ ಮುಚ್ಚಿ ಹೋಯಿತಲ್ಲ, ನೆನಪುಂಟಾ? ಮುಂಬೈ ರೈಲುಗಳೆಲ್ಲ ದಿನಗಟ್ಟಲೆ ನಿಂತವು. ಕೊನೆಗೆ ಪಕ್ಕದಲ್ಲಿ ತಾತ್ಕಾಲಿಕ ಹಳಿ ಹಾಕಿ ದಾರಿ ಬಿಡಿಸಿದರು. ಆಗ ಊರಿಡೀ ಬೈದದ್ದು ಕೊಂಕಣ ರೈಲ್ವೆಗೆ. ಆ ಜಾಗ ಜಂಕ್ಷನ್ ಮತ್ತು ತೋಕೂರಿನ ನಡುವೆ ಇದೆ. ಅಂದರೆ ದಕ್ಷಿಣ ರೈಲ್ವೆಯ ಹಳಿ. ಗುಡ್ಡ ಕುಸಿಯುವುದು ಅಂದರೆ ಕೊಂಕಣ ಅಂತ ನಮ್ಮ ತಲೆಯಲ್ಲಿ ಅಚ್ಚೊತ್ತಿಬಿಟ್ಟಿದೆ, ಅದಕ್ಕೆ ಯಾರೂ ನಕ್ಷೆ ನೋಡಲಿಲ್ಲ.

ಟಿಕೆಟ್ ದರದಲ್ಲೂ ಈ ಗಡಿ ಇದೆ. ಕೊಂಕಣ ದಾರಿಯಲ್ಲಿ ನೀವು 100 ಕಿಲೋಮೀಟರ್ ಹೋದರೆ 140 ಕಿಲೋಮೀಟರಿನ ಲೆಕ್ಕದಲ್ಲಿ ದರ ಹಾಕುತ್ತಾರೆ. ಸುರಂಗ, ಸೇತುವೆ ಅಂತ ಆ ದಾರಿಗೆ ಸುರಿದ ದುಡ್ಡು ವಾಪಸ್ ಬರಬೇಕಲ್ಲ, ಅದಕ್ಕೆ. ತೋಕೂರು ದಾಟಿದರೆ ಆ ಲೆಕ್ಕ ಇಲ್ಲ. ಮಳೆಗಾಲದಲ್ಲಿ ವೇಗ ತಗ್ಗಿಸಿ ಬೇರೆ ವೇಳಾಪಟ್ಟಿ ಮಾಡುವುದೂ ಕೊಂಕಣ ದಾರಿಗಾಗಿಯೇ.

ಇನ್ನೊಂದು ಉಂಟು. ಒಂದು ರೈಲ್ವೆಯವರು ಇನ್ನೊಂದು ರೈಲ್ವೆಯವರಿಗೆ ಗಾಡಿ ಒಪ್ಪಿಸುವ ಜಾಗದಲ್ಲಿ ಹೊತ್ತು ಬರೆದಿಡುತ್ತಾರೆ. ತಡವಾದದ್ದು ಯಾರ ಕಡೆ, ನಿಮ್ಮದಾ ನಮ್ಮದಾ ಅಂತ ಲೆಕ್ಕ ಬೇಕಲ್ಲ. ಮದುವೆ ಮನೆಯಲ್ಲಿ ಪಾತ್ರೆ ಎಣಿಸಿ ಒಪ್ಪಿಸುವ ಹಾಗೆ. ಒಪ್ಪಿಸುವ ಮೊದಲು ತಡ ಸರಿದೂಗಿಸಲಿಕ್ಕೆ ವೇಳಾಪಟ್ಟಿಯಲ್ಲೇ ಸ್ವಲ್ಪ ನಿಮಿಷ ಜಾಸ್ತಿ ಇಟ್ಟಿರುವುದೂ ಉಂಟು.

ನಾನೇನು ಹುಟ್ಟುವಾಗಲೇ ಇದನ್ನೆಲ್ಲ ಕಲಿತು ಬಂದವನಲ್ಲ. ವರ್ಷಗಳ ಹಿಂದೆ ಜಂಕ್ಷನ್ ಬೆಂಚಿನಲ್ಲಿ ಕೊಡೆ ಮರೆತು ಬಂದೆ. ನನ್ನದೇ ತಪ್ಪು. ಹುಡುಕಿ ಕೊಡಿ ಅಂತ ಎರಡು ಪುಟ ಪತ್ರ ಬರೆದೆ, ಅದನ್ನೂ ತಪ್ಪು ರೈಲ್ವೆಗೆ ಬರೆದೆ. ಆ ಸ್ಟೇಷನ್ ನಮ್ಮ ವ್ಯಾಪ್ತಿಯಲ್ಲಿಲ್ಲ ಅಂತ ಮರ್ಯಾದೆಯಿಂದ ಉತ್ತರ ಬಂತು. ಕೊಡೆ ಬರಲಿಲ್ಲ. ಪಾಠ ಬಂತು.

ಹಾಗಾದರೆ ಗಡಿ ಮಂಗಳೂರು ಪೇಟೆಯಲ್ಲಿ ಬೀಳದೆ ತೋಕೂರಿನಲ್ಲಿ ಯಾಕೆ ಬಿತ್ತು? ಯಾರು ಮೊದಲು ಬಂದರು ಅಂತ ನೋಡಿದರೆ ಗೊತ್ತಾಗುತ್ತದೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಮದರಾಸಿನ ಕಡೆಯಿಂದ, ಶೋರನೂರಿನ ದಾರಿಯಾಗಿ. ಆಗ ನಾವು ಮದರಾಸು ಪ್ರಾಂತ್ಯದವರು. ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಮಂಜೇಶ್ವರದಲ್ಲಿ ರಾಜ್ಯದ ಗಡಿ ಅಂತ ಒಂದು ಬಂದದ್ದೇ 1956ರ ನವೆಂಬರ್ 1ರಂದು. ರಾಜ್ಯ ಬದಲಾಯಿತು, ಹಳಿ ಬದಲಾಗಲಿಲ್ಲ. ಮಂಗಳೂರು ಇಂದಿಗೂ ಪಾಲಕ್ಕಾಡಿನ ಕೈಯಲ್ಲಿರುವುದಕ್ಕೆ ಮೂಲ ಇದೇ, ಯಾರದೋ ಪಿತೂರಿ ಅಲ್ಲ.

ಆಮೇಲೆ ಪಣಂಬೂರಿನಲ್ಲಿ ನವಮಂಗಳೂರು ಬಂದರು ಬಂತು, 1975ರಲ್ಲಿ ಉದ್ಘಾಟನೆಯಾಯಿತು. 1979ರಲ್ಲಿ ಹಾಸನದ ಮೀಟರ್‌ಗೇಜ್ ದಾರಿ ಮುಗಿಯಿತು. ಬಂದರಿಗೂ ಹಳಿ ಹೋಯಿತು. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟುವಾಗ ಮಂಗಳೂರಿನಿಂದ ಜೋಕಟ್ಟೆಯ ತನಕ ಹಳಿ ಆಗಲೇ ಇತ್ತು. ಇರುವ ಹಳಿಯನ್ನು ಇನ್ನೊಮ್ಮೆ ಯಾರು ಹಾಕುತ್ತಾರೆ? ಹೊಸಬರು ತಮ್ಮ ಹಳಿಯನ್ನು ಅಲ್ಲಿಂದ ಮುಂದಕ್ಕೆ ಹಾಕಿದರು. ಹಳೆ ಮನೆಗೆ ಹೊಸ ಚಾವಡಿ ಕಟ್ಟಿದ ಹಾಗೆ ಒಂದು ಜೋಡಣೆಯ ಜಾಗ ಬೇಕಾಯಿತು. ಅದೇ ತೋಕೂರು.

ಈ ಸ್ಟೇಷನ್ನಿಗೆ ಒಂದು ಹೆಮ್ಮೆಯೂ ಉಂಟು, ಅದನ್ನು ಯಾರೂ ಕೇಳುವುದಿಲ್ಲ. ಇಡೀ ಕೊಂಕಣ ರೈಲ್ವೆಯಲ್ಲಿ ಮೊದಲು ರೈಲು ಓಡಿದ ತುಂಡು ತೋಕೂರು–ಉಡುಪಿ, 1993ರ ಮಾರ್ಚ್ 20ರಂದು. ಉತ್ತರದ ರೋಹಾ–ವೀರ್ ತುಂಡು ಬಂದದ್ದು ಆ ವರ್ಷದ ಜೂನ್‌ನಲ್ಲಿ. ಉಡುಪಿ ಸ್ಟೇಷನ್ ಇರುವ ಇಂದ್ರಾಳಿಯ ಗುಡ್ಡೆಗೆ ರೈಲು ಬಂತು ಅಂತ ಉಡುಪಿಯವರು ನೋಡಲಿಕ್ಕೆ ಹೋದ ಕಾಲ ಅದು. ಪೂರ್ತಿ ದಾರಿ ತೆರೆಯಲಿಕ್ಕೆ 1998 ಬರಬೇಕಾಯಿತು. ನಿಗಮಕ್ಕೆ ಜೀವ ಕೊಟ್ಟ ರೈಲ್ವೆ ಸಚಿವ ಜಾರ್ಜ್ ಫರ್ನಾಂಡಿಸ್ ಹುಟ್ಟಿದ್ದು ಮಂಗಳೂರಿನಲ್ಲಿ. ಅದಕ್ಕೇ ನಮ್ಮವರಿಗೆ ಕೊಂಕಣ ರೈಲ್ವೆ ಅಂದರೆ ಮಂಗಳೂರಿನದ್ದೇ ಅನ್ನುವ ಭಾವನೆ. ಭಾವನೆ ಸರಿ. ಆದರೆ ಹಳಿ ಅವರದ್ದಲ್ಲ.

ಮುಂದೇನು ಅಂತ ಕೆಲವರು ಕೇಳುತ್ತಾರೆ. ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡುವ ಮಾತು ಬಹಳ ಕಾಲದಿಂದ ಉಂಟು. ಇದು ಕೇಂದ್ರದ ಜತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಪಾಲು ಹಾಕಿ ಮಾಡಿದ ಕಂಪನಿ. ಎಲ್ಲರೂ ಒಪ್ಪಬೇಕು. 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿತು, ಕೊಂಕಣ ರೈಲ್ವೆ ಅನ್ನುವ ಹೆಸರು ಉಳಿಯಬೇಕು ಅನ್ನುವ ಷರತ್ತು ಹಾಕಿ. ವಿಲೀನ ಬೇಕು ಅನ್ನುವವರ ವಾದ ಸರಳ: ಜೋಡಿ ಹಳಿ ಹಾಕಲಿಕ್ಕೆ ದುಡ್ಡು ಬೇಕು. ಕಂಪನಿ ಸಾಲ ಮಾಡಬೇಕು, ಸರ್ಕಾರದ ರೈಲ್ವೆಗೆ ಬಜೆಟ್ ಉಂಟು. 741 ಕಿಲೋಮೀಟರಿನಲ್ಲಿ ಇಷ್ಟು ವರ್ಷಕ್ಕೆ ಜೋಡಿ ಹಳಿಯಾದದ್ದು ರೋಹಾ–ವೀರ್ ನಡುವಿನ 46 ಕಿಲೋಮೀಟರ್. ನನಗೂ ಈ ವಾದ ಸರಿ ಅನ್ನಿಸುತ್ತದೆ.

ಆದರೆ ವಿಲೀನವಾದ ಕೂಡಲೇ ತೋಕೂರಿನ ಗಡಿ ಅಳಿಸಿಹೋಗುತ್ತದೆ ಅಂತ ಕುಣಿಯಬೇಡಿ. ಉತ್ತರದ ಭಾಗ ಯಾವುದೋ ವಲಯಕ್ಕೆ ಹೋಗಿ, ಮಂಗಳೂರು ಪಾಲಕ್ಕಾಡಿನಲ್ಲೇ ಉಳಿದರೆ, ಗಡಿ ಅಲ್ಲೇ ಇರುತ್ತದೆ, ಬೋರ್ಡಿನ ಹೆಸರು ಮಾತ್ರ ಬದಲು. ಮೂಡು ದಿಕ್ಕಿನ ಗಡಿಯನ್ನೇ ನೋಡಿ. ಪಡೀಲ್ ದಾಟಿದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಬಂಟ್ವಾಳ, ಪುತ್ತೂರು ಅವರದ್ದು. ಎರಡೂ ಸರ್ಕಾರದ ರೈಲ್ವೆಯೇ, ಆದರೂ ಗಡಿ ಗಡಿಯೇ. ಮಂಗಳೂರನ್ನು ಹುಬ್ಬಳ್ಳಿ ಕೇಂದ್ರವಾಗಿರುವ ಈ ನೈಋತ್ಯ ವಲಯಕ್ಕೆ ಕೊಡಿ, ಇಲ್ಲವೇ ಮಂಗಳೂರಿಗೇ ಒಂದು ವಿಭಾಗ ಮಾಡಿ ಅನ್ನುವ ಬೇಡಿಕೆ ಹಳೆಯದು. 2007ರಲ್ಲಿ ಸೇಲಂ ವಿಭಾಗ ಮಾಡಲಿಕ್ಕೆ ಪಾಲಕ್ಕಾಡಿನ ದೊಡ್ಡ ಪಾಲು ಕತ್ತರಿಸಿದರು. ಇನ್ನು ಪಣಂಬೂರಿನ ಗೂಡ್ಸ್ ಆದಾಯವನ್ನೂ ಅವರು ಸುಲಭದಲ್ಲಿ ಬಿಟ್ಟುಕೊಡುತ್ತಾರಾ? ನೀವಾಗಿದ್ದರೆ ಕೊಡುತ್ತಿದ್ದಿರಾ? ಹಾಗಾಗಿ “ವಿಲೀನ ಯಾವಾಗ” ಅಂತ ಕೇಳುವವರು ಅದರ ಜತೆಗೇ “ಗೆರೆ ಎಲ್ಲಿ” ಅಂತಲೂ ಕೇಳಬೇಕು.

ಕೊನೆಗೆ, ಯಾರೂ ಕೇಳದ ಒಂದು ವಿಷಯ. ತೋಕೂರು ಅಂದರೆ ಯಾವ ತೋಕೂರು? ನಮ್ಮಲ್ಲಿ ಎರಡು ಉಂಟು. ಹಳೆಯಂಗಡಿಯ ಹತ್ತಿರ ಸುಬ್ರಹ್ಮಣ್ಯ ದೇವಸ್ಥಾನ ಇರುವುದು 10ನೇ ತೋಕೂರು. ಜೋಕಟ್ಟೆಯ ಬದಿಯದ್ದು 62ನೇ ತೋಕೂರು, ಸ್ಟೇಷನ್ ಇರುವುದು ಈ ಕಡೆ. ಒಂದೇ ಹೆಸರಿನ ಗ್ರಾಮಗಳನ್ನು ನಂಬರ್ ಹಾಕಿ ಗುರುತಿಸುವುದು ನಮ್ಮಲ್ಲಿ ಹೊಸತಲ್ಲ. ಉಡುಪಿಯವರಿಗೆ 76 ಬಡಗಬೆಟ್ಟು, 80 ಬಡಗಬೆಟ್ಟು ಗೊತ್ತಲ್ವಾ? ಮಣಿಪಾಲಕ್ಕೆ ಓದಲು ಬಂದ ಹೊರಗಿನ ಮಕ್ಕಳು ಈ 80 ಅಂದರೆ ಮನೆ ನಂಬರು ಅಂದುಕೊಳ್ಳುತ್ತಾರೆ. ರೈಲ್ವೆಯವರ ಬೋರ್ಡಿನಲ್ಲಿ ಮಾತ್ರ ನಂಬರ್ ಇಲ್ಲ, ಬರೀ ತೋಕೂರು.

ಹೋದ ವರ್ಷ ಷಷ್ಠಿಯ ಹೊತ್ತಿಗೆ ನಾನು ಸುರತ್ಕಲ್‌ನಲ್ಲಿ ರಿಕ್ಷಾ ಹತ್ತಿ “ತೋಕೂರಿಗೆ ಬಿಡಿ” ಅಂದೆ. ರಿಕ್ಷಾದವರು ಹ್ಯಾಂಡಲ್ ಹಿಡಿದುಕೊಂಡೇ ಹಿಂದೆ ತಿರುಗಿದರು.

“ಹತ್ತಾ, ಅರವತ್ತೆರಡಾ?”